ಕರೆಂಟಿನ ಅಭಿಜಿನ್ ಮುಹೂರ್ತ

ನಮ್ಮೂರ ಚನ್ನಬಸಯ್ಯನವರು ಪಂಚಾಂಗ ನೋಡದೆ ಸೀನುವುದೂ ಇಲ್ಲ ಎಂದು ಅವರ ಹೆಂಡತಿ ಶಂಕ್ರೆವ್ವನವರು ಬಾವಿಕಟ್ಟೆಯಲ್ಲಿ ಹೇಳಿಕೊಂಡು ನಗುತ್ತಿದ್ದರು. ಹೆಂಡತಿಯ ಮಾತಾದ್ದರಿಂದ ಅರ್ಧ ಕಳೆಯೋಣ. ಉಳಿದರ್ಧ ಮಾತ್ರ ಅಪ್ಪಟ ನಿಜ. ಬಿತ್ತಲು ಕೂರಿಗೆ ಹೂಡುವುದಿರಲಿ, ಬಾವಿ ತೋಡುವುದಿರಲಿ, ಹೋರಿಗೆ ಮೂಗುದಾರ ಹಾಕುವುದಿರಲಿ, ಅಯ್ಯನವರು ಬೆರಳು ಮಡಿಚಿ ಎಣಿಸಿ ‘ಹೂಂ’ ಅನ್ನುವವರೆಗೆ ನಮ್ಮೂರಲ್ಲಿ ಒಂದು ಕಡ್ಡಿಯೂ ಅಲ್ಲಾಡುತ್ತಿರಲಿಲ್ಲ. ಇಂಥ ಮಹಾನುಭಾವರು ಎಪ್ಪತ್ನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಕರೆಂಟಿಗೂ ಒಂದು ಮುಹೂರ್ತ ಇಟ್ಟರು. ಇಟ್ಟು ಏನಾಯಿತು ಎಂಬುದನ್ನು ಊರಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಅವರದೆಲ್ಲ ಬಿಡಿ, ನಾನು ಹೇಳುವುದನ್ನು ಕೇಳಿ.

ನಮ್ಮೂರು ಸಿಂದಗಿ ತಾಲೂಕಿನಲ್ಲಿ ಮೋರಟಗಿಯ ಹಾದಿಗೆ ಇದೆ. ಬಸ್ಸಿನವನಿಗೆ ಮನಸ್ಸು ಬಂದರೆ ನಿಲ್ಲಿಸುತ್ತಾನೆ. ಊರಿಗೆಲ್ಲ ಒಂದೇ ಟ್ರಾನ್ಸ್‌ಫಾರ್ಮರ್. ಅದನ್ನು ನಾವು ಟಿ.ಸಿ. ಅನ್ನುತ್ತೇವೆ. ಆ ಒಂದು ಟಿ.ಸಿ.ಯ ಮೇಲೆ ಹತ್ತು ಹನ್ನೆರಡು ನೀರಿನ ಪಂಪು, ದಾವಲಮಲಿಕನ ಹಿಟ್ಟಿನ ಗಿರಣಿ, ಮನೆಮನೆಗೆ ಒಂದೋ ಎರಡೋ ಬಲ್ಬು. ಬಿಸಿಲು ಇಳಿದ ಮೇಲೆ ಹಾಯಿಸಿದ ನೀರನ್ನೇ ನೆಲ ಚೆನ್ನಾಗಿ ಕುಡಿಯುತ್ತದೆಂದು ಸಂಜೆಯಾದರೆ ಸಾಕು, ಎಲ್ಲರೂ ಪಂಪು ಹಾಕುವವರೇ. ಆ ಹೊತ್ತಿಗೆ ಅಯ್ಯನವರ ಪಡಸಾಲೆಯ ಬಲ್ಬು ಬೂದಿ ಮುಚ್ಚಿದ ಕೆಂಡದಂತೆ ಕೆಂಪಗಾಗುತ್ತಿತ್ತು. ಅದು ಉರಿಯುತ್ತಿದೆಯೋ ಇಲ್ಲವೋ ನೋಡಲು ಶಂಕ್ರೆವ್ವನವರು ಕಂದೀಲು ಹಚ್ಚಿಕೊಂಡು ಬರುತ್ತಿದ್ದರು.

ಬಲ್ಬಿನ ಈ ಹಣೆಬರಹ ಮಗಳ ಲಗ್ನಕ್ಕೇ ಅಡ್ಡ ಬಂದಿತ್ತು. ಅಯ್ಯನವರ ಒಬ್ಬಳೇ ಮಗಳು ಸಿದ್ದಲಿಂಗವ್ವ. ಅವಳನ್ನು ನೋಡಲು ಬಸವನ ಬಾಗೇವಾಡಿಯವರು ಒಂದು ಸಂಜೆ ಬಂದಿದ್ದರು. ಹುಡುಗಿ ಉಪ್ಪಿಟ್ಟಿನ ಬಶಿ ಹಿಡಿದು, ತಲೆ ತಗ್ಗಿಸಿ, ಆ ಕೆಂಪು ಮಬ್ಬಿನಲ್ಲಿ ಮೆಲ್ಲಗೆ ನಡೆದು ಬಂದು, ವರನನ್ನು ದಾಟಿ ಹೋಗಿ, ಪಕ್ಕದ ಮನೆಯ ಮಡಿವಾಳಪ್ಪನ ಮುಂದೆ ನಾಚಿಕೊಂಡು ನಿಂತುಬಿಟ್ಟಳು. ಮಡಿವಾಳಪ್ಪನಿಗೆ ಮೊಮ್ಮಕ್ಕಳಾಗಿದ್ದವು. ಆದರೂ ಆ ಪುಣ್ಯಾತ್ಮ ಬಾಯಿ ಬಿಡದೆ ಉಪ್ಪಿಟ್ಟು ಇಸಕೊಂಡು ತಿಂದ. ಬಾಗೇವಾಡಿಯವರು ಎದ್ದು ಹೋದರು. ಹೋದವರು ಸುಮ್ಮನೆ ಹೋಗಲಿಲ್ಲ. ಹುಡುಗಿಗೆ ಇರುಳುಗಣ್ಣು, ಸಂಜೆಯಾದ ಮೇಲೆ ಏನೂ ಕಾಣುವುದಿಲ್ಲ ಎಂದು ಇಂಡಿಯಿಂದ ದೇವರ ಹಿಪ್ಪರಗಿಯ ಸಂತೆಯವರೆಗೆ ಡಂಗುರ ಸಾರಿದರು.

ಅದಾದ ಮೇಲೆ ಒಂದು ವರ್ಷ ಯಾರೂ ಇತ್ತ ಸುಳಿಯಲಿಲ್ಲ. ಕಡೆಗೆ ಮುದ್ದೇಬಿಹಾಳದ ಗುರಲಿಂಗಯ್ಯನವರಿಂದ ಸುದ್ದಿ ಬಂತು: ಗುರುವಾರ ಕನ್ಯಾ ನೋಡಲು ಬರುತ್ತೇವೆ, ಬೇಕೆಂತಲೇ ಸಂಜೆ ಬರುತ್ತೇವೆ. ‘ಬೇಕೆಂತಲೇ’ ಎಂಬ ಮಾತು ಶಂಕ್ರೆವ್ವನವರ ಎದೆಗೆ ನಾಟಿತು.

“ನೋಡ್ರಿ, ಈ ಸರ್ತಿ ಆ ಬಲ್ಬು ಸರೀ ಹತ್ತಲಿಲ್ಲಂದ್ರ ನನ್ನ ಮಗಳು ಮನ್ಯಾಗಽ ಉಳೀತಾಳ. ಊರ ಮಂದಿಗೆಲ್ಲಾ ಹೊತ್ತು ಹೇಳ್ತೀರಿ, ನಿಮ್ಮನಿ ಬಲ್ಬಿಗೆ ಒಂದು ಹೊತ್ತು ಹೇಳಾಕ ಬರಂಗಿಲ್ಲೇನು?”

ಆ ಮಾತು ಅಯ್ಯನವರ ಮನಸ್ಸಿನಲ್ಲಿ ಕೂತಿತು.

ಅದೇ ವಾರ ಸಿಂದಗಿಯಿಂದ ಕರೆಂಟಿನ ಸಾಹೇಬರು ಫಟಫಟಿ ಹತ್ತಿಕೊಂಡು ಬಂದರು. ಹೆಸರು ಚಿಕ್ಕತಮ್ಮೇಗೌಡ, ಮಂಡ್ಯದ ಕಡೆಯ ಹುಡುಗ. ನಮ್ಮ ಬಿಸಿಲಿಗೆ ಬಂದು ಒಂದು ವರ್ಷವಾಗಿತ್ತು. ಆ ವರ್ಷವಿಡೀ ಊರವರಿಗೆ “ಎಲ್ಲರೂ ಒಟ್ಟಿಗೆ ಪಂಪು ಹಾಕಬೇಡಿ, ಪಾಳಿ ಮಾಡ್ಕೊಳ್ಳಿ” ಎಂದು ಕೈ ಮುಗಿದು ಕೇಳಿ ಗಂಟಲು ಒಣಗಿಸಿಕೊಂಡಿದ್ದ. ಊರವರು “ಆತ್ರಿ ಸಾಹೇಬ್ರ” ಎಂದು ಚಹಾ ಕುಡಿಸಿ ಕಳಿಸುತ್ತಿದ್ದರು. ಈ ಸಲ ಟಿ.ಸಿ.ಯ ಕಂಬಕ್ಕೆ ಒಂದು ಹೊಸ ಮೀಟರು ಹಾಕಿಸಿ, ಊಟಕ್ಕೆ ಅಯ್ಯನವರ ಮನೆಗೆ ಬಂದ.

ಊಟ ಮಾಡುತ್ತ ಅವನಿಗೆ ಮಾತಿನ ಹುರುಪು ಬಂತು. “ಅಯ್ಯನೋರೇ, ಹೊರದೇಶದಲ್ಲಿ ಮೀಟರಿಗೂ ಹೊತ್ತು ಗೊತ್ತಾಗುತ್ತೆ ಕಣ್ರೀ. ಎಲ್ಲರೂ ಮುಗಿಬಿದ್ದು ಕರೆಂಟು ಎಳೆಯೋ ಹೊತ್ತಲ್ಲಿ ದರ ಜಾಸ್ತಿ. ಯಾರಿಗೂ ಬೇಡದ ಹೊತ್ತಲ್ಲಿ ದರ ಕಮ್ಮಿ. ಜನ ತಾವಾಗೇ ಅಗ್ಗದ ಹೊತ್ತಿಗೆ ಹೋಗ್ಬಿಡ್ತಾರೆ, ಲೈನಿನ ಮೇಲೆ ಹೊರೆ ಬೀಳಲ್ಲ.”

ಅಯ್ಯನವರ ತುತ್ತು ಕೈಯಲ್ಲೇ ನಿಂತಿತು. ಹೊತ್ತಿಗೆ ಬೆಲೆಯಿದೆ ಎಂದು ಅವರು ಹುಟ್ಟಿದಾಗಿನಿಂದ ಹೇಳುತ್ತಿದ್ದರು. ಸರಕಾರ ಈಗ ಒಪ್ಪಿಕೊಂಡು, ಕಂಬಕ್ಕೆ ಅಂಥದೇ ಮೀಟರು ಹಾಕಿತಲ್ಲ! ಸಂತೋಷ ತಡೆಯದೆ ಮಜ್ಜಿಗೆ ತರಲು ಒಳಗೆ ಎದ್ದು ಹೋದರು. “ಅಂಥ ಮೀಟರು ನಮ್ಮಲ್ಲಿಗೆ ಬರೋಕೆ ಇನ್ನೂ ಎಷ್ಟು ಕಾಲ ಬೇಕೋ” ಎಂದು ಸಾಹೇಬ ಹೇಳಿದ್ದು ಆಗ. ಆ ಮಾತನ್ನು ಕೇಳಿದ್ದು ಪಡಸಾಲೆಯ ಗೋಡೆ ಮಾತ್ರ.

ಅಯ್ಯನವರು ಮಜ್ಜಿಗೆ ಬಡಿಸುತ್ತ ಕೇಳಿದರು: “ಸಾಹೇಬ್ರ, ನಮ್ಮೂರಾಗ ಯಾರಿಗೂ ಬ್ಯಾಡಾದ ಹೊತ್ತು ಯಾವದ್ರಿ?”

“ಮಟಮಟ ಮಧ್ಯಾಹ್ನ. ಒಂದು ಮೋಟರೂ ಓಡಲ್ಲ.”

“ಅಭಿಜಿನ್ ಮುಹೂರ್ತ!” ಎಂದು ಅಯ್ಯನವರು ಉದ್ಗರಿಸಿದರು. ಸೂರ್ಯ ನೆತ್ತಿಗೆ ಬರುವ ಹೊತ್ತಿನ ಆ ಮುಹೂರ್ತ ಎಲ್ಲ ಕೆಲಸಕ್ಕೂ ಒಳ್ಳೆಯದೆಂದು ಪಂಚಾಂಗವೇ ಹೇಳುತ್ತದೆ. ಅಯ್ಯನವರು ತಮ್ಮ ಮಜ್ಜಿಗೆಯನ್ನೇ ಹೊಗಳಿಕೊಳ್ಳುತ್ತಿದ್ದಾರೆಂದುಕೊಂಡು ಸಾಹೇಬ ತಲೆಯಾಡಿಸಿದ. ವಿಷಯ ಅಲ್ಲಿಗೆ ಖಾಯಂ ಆಯಿತು.

ಮರುದಿನ ಮಠದ ಕಟ್ಟೆಯ ಮೇಲೆ ಕೂತು ಅಯ್ಯನವರು ಊರಿಗೆ ಸಾರಿದರು: ಕಂಬಕ್ಕೆ ಬಂದ ಮೀಟರು ಹೊತ್ತು ನೋಡುವ ಮೀಟರು. ಸಂಜೆಯ ಕರೆಂಟು ಎರಡು ಪಟ್ಟು ದುಬಾರಿ, ಅಭಿಜಿನ್ ಮುಹೂರ್ತದ ಕರೆಂಟು ಅರ್ಧಕ್ಕರ್ಧ ಅಗ್ಗ. ಗುರುವಾರದಿಂದ ಚಾಲೂ. ಗುರುವಾರದ ಸಂಜೆ ಊರಿನ ಒಂದೂ ಪಂಪು ಓಡದೆ ತಮ್ಮ ಬಲ್ಬು ಹಾಲಿನಂತೆ ಹತ್ತುತ್ತದೆ ಎಂಬ ಲೆಕ್ಕವೂ ಇದರೊಳಗಿತ್ತು. ಅದನ್ನು ಅವರು ಕಟ್ಟೆಯ ಮೇಲೆ ಹೇಳಲಿಲ್ಲ.

ಊರಿಗೆಲ್ಲ ದೊಡ್ಡ ಪಂಪು ಮಡಿವಾಳಪ್ಪನದು. ಅವನು ಮೀಸೆ ತಿರುವುತ್ತ ಕೇಳಿದ: “ಅಲ್ರೀ ಅಯ್ಯಾರ, ಕಬ್ಬಿಣದ ಡಬ್ಬಿ ಅದು. ಅದಕ್ಕ ಹೊತ್ತು ಹೆಂಗ ತಿಳೀತೈತಿ?”

“ಹುಂಜಕ್ಕ ಹೆಂಗ ತಿಳೀತೈತಿ?”

ಮಡಿವಾಳಪ್ಪ ಮೀಸೆಯಿಂದ ಕೈ ತೆಗೆದ. ಗಿರಣಿಯ ದಾವಲಮಲಿಕ ಗಡ್ಡ ನೀವಿಕೊಂಡು, “ಖರೇ ಐತಿ. ನಮ್ಮ ನಮಾಜೂ ಹೊತ್ತಿನ ಮ್ಯಾಲಽ ನಡೀತೈತಿ. ಅಯ್ಯಾರ ಮಾತು ಸುಳ್ಳಲ್ಲ” ಎಂದ. ನಿಂಬೆ ತೋಟದ ತಿಪ್ಪವ್ವ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. ಗಂಡ ತೀರಿಕೊಂಡ ಮೇಲೆ ಆ ತೋಟವನ್ನು ಒಬ್ಬಳೇ ಸಾಕಿದ ಹೆಂಗಸು.

“ಹಗಲೆಲ್ಲಾ ಕಾಯಿ ಹರಿಯೋದು, ಚೀಲ ತುಂಬೋದು ಆಗತೈತ್ರಿ. ನನಗ ಪುರಸೊತ್ತು ಸಿಗೋದು ಸಂಜೀಕ. ಸಂಜೀ ಕರೆಂಟು ದುಬಾರಿ ಅಂದ್ರ ನಾ ಏನು, ಗಿಡಕ್ಕ ಉಗುಳು ಹಾಕ್ಲೇನು?”

“ಒಂದೀಟು ತಡಕೋ ತಂಗೀ, ಅಭಿಜಿನ್ ಹೊತ್ತಿನ್ಯಾಗ ಹಾಯಸು” ಎಂದರು ಅಯ್ಯನವರು, ಅವಳ ಮುಖ ನೋಡದೆ.

“ಅಭಿಜಿನ್ ಬಂತು ಅಂತ ನಮಗ ಹೆಂಗ ಗೊತ್ತಾಗಬೇಕ್ರಿ?” ಎಂದು ಹಿಂದಿನಿಂದ ಯಾರೋ ಕೇಳಿದರು.

“ಮಠದ ಜಾಗಟಿ ಬಾರಸ್ತೇನಿ. ಬಡದ ಗಳಿಗ್ಯಾಗಽ ಪಂಪು ಹಾಕ್ರಿ. ಮುಹೂರ್ತ ಭಾಳ ಹೊತ್ತು ಇರಂಗಿಲ್ಲ, ಸುಮ್ಮ ಕಳಕೋಬ್ಯಾಡ್ರಿ.”

ಒಬ್ಬ ಮನುಷ್ಯ ತನ್ನ ತಲೆಯ ಮೇಲೆ ಇದಕ್ಕಿಂತ ಅಚ್ಚುಕಟ್ಟಾಗಿ ಕಲ್ಲು ಹಾಕಿಕೊಂಡದ್ದನ್ನು ನಾನಂತೂ ಕಂಡಿಲ್ಲ.

ಗುರುವಾರ ಬಂತು. ಬೆಳಿಗ್ಗೆಯಿಂದಲೇ ಊರಲ್ಲಿ ಸಡಗರ. ಪಂಪಿನ ಮನೆಗಳನ್ನು ಸಾರಿಸಿದ್ದರು. ಸ್ಟಾರ್ಟರಿಗೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಕೆಲವರು ಕಾಯಿಯನ್ನೂ ಒಡೆದಿದ್ದರು. ಮಡಿವಾಳಪ್ಪ ತನ್ನ ಮೋಟರಿಗೆ ಮಾಲೆ ಹಾಕಿದ್ದ. ಎಂದೂ ಮಧ್ಯಾಹ್ನ ಓಡದ ಗಿರಣಿಯ ಮುಂದೆ ಜೋಳದ ಬುಟ್ಟಿಗಳು ಸಾಲು ಹಚ್ಚಿದ್ದವು. ಅಗ್ಗದ ಕರೆಂಟಿನಲ್ಲಿ ಬೀಸಿದ ಹಿಟ್ಟು ಹೆಚ್ಚು ರೊಟ್ಟಿ ಕೊಡುತ್ತದೆ ಎಂದು ಹೆಂಗಸರಲ್ಲಿ ಅದಾಗಲೇ ಮಾತು ಹುಟ್ಟಿತ್ತು.

ಅಯ್ಯನವರು ಮಡಿಯುಟ್ಟು ಕಟ್ಟೆಯ ಮೇಲೆ ನಿಂತು ತಮ್ಮ ನೆರಳನ್ನೇ ನೋಡುತ್ತಿದ್ದರು. ನೆರಳು ಪಾದದ ಬುಡಕ್ಕೆ ಬಂತು. ಕೈಯೆತ್ತಿ ಜಾಗಟೆಗೆ ಒಂದು ಕೊಟ್ಟರು.

ಢಣ್!

ಊರಿನ ಸುತ್ತಲೂ ಅಷ್ಟೂ ಪಂಪುಗಳು ಒಂದೇ ಉಸಿರಿಗೆ ಗುಂಯ್ಯೆಂದವು. ಗಿರಣಿಯ ಪಟ್ಟ ಪಟಪಟನೆ ತಿರುಗಿತು. ಕೊಳವೆಗಳ ಬಾಯಿಗೆ ಇನ್ನೇನು ನೀರು ಬರಬೇಕು, ಅಷ್ಟರಲ್ಲಿ ಟಿ.ಸಿ.ಯ ಕಂಬದ ಮೇಲೆ ‘ಧಡಾಲ್’ ಎಂದು ಸದ್ದಾಗಿ, ನೀಲಿ ಬೆಂಕಿಯ ಒಂದು ನಾಲಿಗೆ ಹೊರಬಂದು ಒಳಗೆ ಹೋಯಿತು. ಹೊಗೆ ಎದ್ದಿತು. ಕಾಗೆಗಳು ಹಾರಿದವು. ಆಮೇಲೆ ಇಡೀ ಊರು ಎಷ್ಟು ನಿಶ್ಶಬ್ದವಾಯಿತೆಂದರೆ, ಮಡಿವಾಳಪ್ಪ ತನ್ನ ತೋಟದಲ್ಲಿ ನಿಂತು ಬೈದದ್ದು ಮಠದ ಕಟ್ಟೆಯವರೆಗೆ ಅಕ್ಷರ ಬಿಡದೆ ಕೇಳಿಸಿತು.

ಲೈನ್‌ಮನ್ ಸಿದ್ದರಾಯ ಸೈಕಲ್ಲು ತುಳಿದು ಮೋರಟಗಿಗೆ ಹೋಗಿ ಫೋನು ಮಾಡಿದ. ಸಾಹೇಬ ಓಡಿ ಬಂದ. ಕಂಬ ನೋಡಿದ, ಸುಟ್ಟ ಫ್ಯೂಸು ನೋಡಿದ, ಮಾಲೆ ಹಾಕಿಕೊಂಡಿದ್ದ ಮೋಟರನ್ನೂ ನೋಡಿದ. ಅವನ ಮುಖ ಕೆಂಪಗಾಯಿತು.

“ಎಲ್ಲ ಮೋಟರೂ ಒಂದೇ ಗಳಿಗೇಲಿ ಹಾಕ್ಸಿದ ಪುಣ್ಯಾತ್ಮ ಯಾರ್ರೀ?”

ಊರಿಗೆ ಊರೇ ಅಯ್ಯನವರ ಮನೆಯ ಮುಂದೆ ನೆರೆದಿತ್ತು. ಎಲ್ಲರ ಕತ್ತು ಒಂದೇ ಕಡೆ ತಿರುಗಿತು.

“ನೀವಽ ಹೇಳಿದ್ರಲ್ಲಾ ಸಾಹೇಬ್ರ” ಎಂದರು ಅಯ್ಯನವರು ದನಿ ತಗ್ಗಿಸಿ, “ಹೊತ್ತು ತಿಳಿಯೋ ಮೀಟರು...”

“ಅಯ್ಯೋ ನನ್ನ ಕರ್ಮವೇ! ಅದು ಹೊರದೇಶದ್ದು ಕಣ್ರೀ! ಇದಕ್ಕೆ ಹಗಲೂ ಗೊತ್ತಿಲ್ಲ, ರಾತ್ರೀನೂ ಗೊತ್ತಿಲ್ಲ. ಬರೀ ತಿರುಗುತ್ತೆ. ಸಂಜೆ ಒಟ್ಟಿಗೆ ಹಾಕ್ಬೇಡಿ ಅಂತ ನಾನು ಬಡ್ಕೊಂಡ್ರೆ ನೀವು ಮಧ್ಯಾಹ್ನ ಒಟ್ಟಿಗೆ ಹಾಕ್ಸಿದ್ರಲ್ಲ. ಅದೂ ಗಂಟೆ ಹೊಡ್ದು! ಸಂಜೆ ಒಬ್ಬರ ಹಿಂದೆ ಒಬ್ಬರು ಹಾಕ್ತಿದ್ರು, ಹೆಂಗೋ ತಡ್ಕೊಂಡಿತ್ತು.”

“ಅಂದ್ರ ಕರೆಂಟು ಅಗ್ಗ ಇಲ್ಲ?” ದಾವಲಮಲಿಕನ ಗಡ್ಡವೆಲ್ಲ ಜೋಳದ ಹಿಟ್ಟಾಗಿತ್ತು. “ಕಲ್ಲಿನ ನಡಕ ಜ್ವಾಳ ಸಿಕ್ಕೊಂಡು ಕುಂತಾವಲ್ರೀ ಅಯ್ಯಾರ! ಊರಿನ ಹೆಂಗಸ್ರೆಲ್ಲಾ ನನ್ನ ಹರಕೊಂಡು ತಿನ್ನಾಕತ್ತಾರ!”

ಮಡಿವಾಳಪ್ಪ ತೋಳು ಮೇಲೇರಿಸಿದ. “ನಿಮ್ಮ ಮುಹೂರ್ತ ಖೊಟ್ಟಿ ಆತು ಅಯ್ಯಾರ! ಖೊಟ್ಟಿ!”

ಸರಿಯಾಗಿ ಆ ಹೊತ್ತಿಗೆ, ಎಂದೂ ಹೊತ್ತಿಗೆ ಬಾರದ ತಾಳಿಕೋಟೆಯ ಬಸ್ಸು ಅಂದು ಹೊತ್ತಿಗೆ ಬಂದು, ಮುದ್ದೇಬಿಹಾಳದ ಗುರಲಿಂಗಯ್ಯನವರು, ಅವರ ಹೆಂಡತಿ, ಸಾಲಿ ಮಾಸ್ತರನಾಗಿದ್ದ ಮಗ, ಮೂವರೂ ಜನರ ನಡುವೆ ದಾರಿ ಮಾಡಿಕೊಂಡು ಅಂಗಳಕ್ಕೆ ಬಂದರು. ಶಂಕ್ರೆವ್ವನವರು ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತವರು ನಿಂತಲ್ಲೇ ಕಲ್ಲಾದರು.

ಗುರಲಿಂಗಯ್ಯನವರೂ ಪಂಚಾಂಗದ ಅಯ್ಯನವರೇ. ಅವರ ಕಡೆ ಅವರು ಹೇಳಿದ್ದೇ ಹೊತ್ತು. ‘ಖೊಟ್ಟಿ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕಾಲು ತೊಳೆಯುವುದನ್ನೂ ಮರೆತು ಕೇಳಿದರು: “ಯಾವ ಮುಹೂರ್ತ ಖೊಟ್ಟಿ ಆತು?”

“ಅಭಿಜಿನ್ ರೀ” ಎಂದು ಹತ್ತು ಬಾಯಿ ಒಂದಾಗಿ ಹೇಳಿದವು.

“ಇವತ್ತು ಗುರುವಾರ. ಬುಧವಾರ ಒಂದು ಬಿಟ್ರ ಅಭಿಜಿನ್ ಯಾವತ್ತೂ ಖೊಟ್ಟಿ ಆಗಾಂಗಿಲ್ಲ” ಎಂದು ಗುರಲಿಂಗಯ್ಯನವರು ಕಡ್ಡಿ ಮುರಿದಂತೆ ಹೇಳಿದರು.

ಮುಳುಗುವವರ ಕೈಗೆ ಹಗ್ಗ ಸಿಕ್ಕಂತಾಯಿತು. ಚನ್ನಬಸಯ್ಯನವರು ಒಮ್ಮೆಲೇ ಎದೆ ಸೆಟೆಸಿ ಎದ್ದು ನಿಂತರು. “ಕೇಳಿದ್ರೇನ್ರೋ? ಮುಹೂರ್ತ ಚೊಕ್ಕ ಐತಿ. ಆದ್ರ ನಿಮ್ಮಾಗ ಒಬ್ಬರರೆ ಬಂದು ನನ್ನ ಹೆಸರ ಬಲ ನೋಡ್ರಿ ಅಂತ ಕೇಳಿದ್ರೇನು? ಕೂರಿಗಿ ಹೂಡೂ ಮುಂದ ಹೆಸರು ಕೇಳ್ತೀರಿ. ಬಾವಿ ತೋಡೂ ಮುಂದ ಕೇಳ್ತೀರಿ. ಇಷ್ಟು ಬೆಂಕಿಯಂಥಾ ಕರೆಂಟಿಗೆ ಕೈ ಹಚ್ಚೂ ಮುಂದ ಕೇಳಲಿಲ್ಲ. ಒಬ್ಬರ ಹೊತ್ತಿನ್ಯಾಗ ಮತ್ತೊಬ್ಬರು ಕೈ ಹಾಕಿದ್ರ ಸುಡದಽ ಏನು ಬಿಟ್ಟೀತು?”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಮುಹೂರ್ತ ತಮ್ಮ ಹೆಸರಿಗೆ ಕೂಡುತ್ತದೆಯೇ ಎಂದು ನಿಜವಾಗಿಯೂ ಯಾರೂ ಕೇಳಿರಲಿಲ್ಲ. ಮಡಿವಾಳಪ್ಪನ ತೋಳು ತಾನಾಗಿಯೇ ಕೆಳಗಿಳಿಯಿತು.

“ತಪ್ಪಾತ್ರಿ ಅಯ್ಯಾರ” ಎಂದ ಅವನು. “ಅಗ್ಗ ಅಂತ ಕೇಳಿದ ಕೂಡ್ಲೆ ಬುದ್ಧಿ ಹೋತು. ಈಗರೆ ನೋಡಿ ಹೇಳ್ರಿ.”

ಪಡಸಾಲೆಗೆ ಪಂಚಾಂಗ ಬಂತು, ಚಾಪೆ ಬಂತು. ಕನ್ಯಾ ನೋಡಲು ಬಂದ ಬೀಗರನ್ನೇ ಅಯ್ಯನವರು ಪಕ್ಕಕ್ಕೆ ಕೂಡಿಸಿಕೊಂಡರು. ವಿಧಾನ ಸರಳವಾಗಿತ್ತು: ಹೆಸರಿನ ಮೊದಲ ಅಕ್ಷರದಿಂದ ರಾಶಿ, ಆ ರಾಶಿಯ ಲಗ್ನ ದಿನದಲ್ಲಿ ಯಾವಾಗ ಉದಯಿಸುತ್ತದೋ ಅದೇ ಅವರ ಪಂಪಿನ ಹೊತ್ತು. ದಿನಕ್ಕೆ ಹನ್ನೆರಡು ಲಗ್ನ, ಒಂದೊಂದಕ್ಕೂ ಹೆಚ್ಚುಕಡಿಮೆ ಎರಡು ತಾಸು.

ಕಂಬದ ಕಡೆ ಹೊರಟಿದ್ದ ಸಾಹೇಬ ಇದನ್ನು ಕೇಳಿ ಹಿಂದಿರುಗಿದ. “ಒಂದ್ನಿಮಿಷ. ಒಬ್ಬೊಬ್ಬರಿಗೂ ಬೇರೆ ಬೇರೆ ಹೊತ್ತು ಕೊಡ್ತೀರಾ?”

“ಮತ್ತ? ರಾಶಿ ಬ್ಯಾರೆ ಬ್ಯಾರೆ ಇರ್ತಾವಲ್ರಿ.”

“ಜನ ಅದನ್ನ ಮೀರಲ್ವಾ?”

“ಮೀರಿ ಯಾಂವ ಸುಟಗೋತಾನ್ರೀ ಸಾಹೇಬ್ರ?” ಎಂದ ಮಡಿವಾಳಪ್ಪ.

ಸಾಹೇಬ ತೊಲೆಗಂಬಕ್ಕೆ ಒರಗಿ ಮೆಲ್ಲಗೆ ಕೆಳಗೆ ಕೂತ. ಕೂತವನು ಸಿದ್ದರಾಯನಿಗೆ ಫ್ಯೂಸು ಕಟ್ಟಲು ಕೈಸನ್ನೆ ಮಾಡಿ ಕಳಿಸಿ, ಬಾಯಿ ಮುಚ್ಚಿಕೊಂಡು ನೋಡತೊಡಗಿದ.

ಮಡಿವಾಳಪ್ಪನದು ಸಿಂಹ ರಾಶಿ. ಹೊತ್ತು ನೆತ್ತಿಗೇರಿದ ಮೇಲೆ ಅವನ ಪಾಳಿ. ಸಿಂಹ ಎಂದಾಗ ಅವನ ಮೀಸೆ ಮತ್ತೆ ಮೇಲೆದ್ದಿತು. ದಾವಲಮಲಿಕನ ಹೆಸರಿಗೆ ಕುಂಭ ರಾಶಿ ಬಂತು; ಕುಂಭ ಲಗ್ನ ನಡುರಾತ್ರಿ ದಾಟಿದ ಮೇಲೆ.

“ಯಾ ಅಲ್ಲಾ! ಆ ಹೊತ್ತಿನ್ಯಾಗ ಹಿಟ್ಟು ಬೀಸಾಕ ದೆವ್ವ ಬರ್ತಾವೇನ್ರಿ?”

ಚನ್ನಬಸಯ್ಯನವರು ಪೇಚಿಗೆ ಬಿದ್ದರು. ಗುರಲಿಂಗಯ್ಯನವರು ಅಡ್ಡ ಬಂದು ಕೇ‍ಳಿದರು: “ಗಿರಣಿ ಯಾರ ಹೆಸರಿಲೆ ಐತಿ?”

“ನನ್ನ ಹೇಣ್ತಿ ಪೀರಬಿ ಹೆಸರಿಲೆ ಐತ್ರಿ.”

“ಮತ್ತ ನಿನ್ನ ರಾಶಿ ಯಾಕ ಬೇಕು? ಪೀರಬಿ, ಕನ್ಯಾ ರಾಶಿ. ಮಧ್ಯಾಹ್ನ ತಿರಗಿದ ಮ್ಯಾಲ.”

“ಹಂಗ ಬರಂಗಿಲ್ರಿ ಬೀಗರ” ಎಂದರು ಚನ್ನಬಸಯ್ಯನವರು. ಮಗಳ ಲಗ್ನ ಮರೆತುಹೋಗಿ ಅವರ ದನಿ ಶಾಸ್ತ್ರಕ್ಕೇರಿತ್ತು. “ಕೆಲಸ ಮಾಡಾಂವ ಯಾರು, ಅವನ ರಾಶಿ ಹಿಡೀಬೇಕು.”

“ಎತ್ತು ಹೂಡೂ ಮುಂದ ಆಳಿನ ಹೆಸರು ಹಿಡೀತೀರೋ, ಎತ್ತಿನ ಮಾಲಕಂದೋ?”

“ಹಂಗಂದ್ರ ಮೋಟರಿನ ಮ್ಯಾಲ ಕಂಪನಿ ಹೆಸರು ಬರದಿರತೈತಿ, ಅದನ್ನ ಹಿಡೀಲೇನು?”

“ಕಂಪನೀಗೆ ಜಾತಕರ್ಮ ಆಗಿರತೈತೇನ್ರಿ?”

ಬೀಗತನ ಇನ್ನೂ ಆಗುವ ಮೊದಲೇ ಮುರಿಯುವ ಲಕ್ಷಣ ಕಂಡು ಶಂಕ್ರೆವ್ವನವರು ಚಹಾ ಕಳಿಸಿದರು. ಚಹಾದ ಬಿಸಿಗೆ ಶಾಸ್ತ್ರ ತಣ್ಣಗಾಗಿ, ಗಿರಣಿ ಕನ್ಯಾ ರಾಶಿಗೆ ಸೇರಿತು. ಉಳಿದವರೂ ಒಬ್ಬೊಬ್ಬರಾಗಿ ಬಂದು ಹೊತ್ತು ಕಟ್ಟಿಕೊಂಡು ಹೋದರು.

ಕಡೆಗೆ ಬಂದವಳು ತಿಪ್ಪವ್ವ.

ಅವಳ ಹೆಸರು ಹಿಡಿದು ಅಯ್ಯನವರ ಬೆರಳು ಓಡಿದವು, ನಿಂತವು. ಮತ್ತೆ ಮೊದಲಿಂದ ಓಡಿದವು, ಮತ್ತೆ ಅಲ್ಲೇ ನಿಂತವು. ತಿಪ್ಪವ್ವ ಎಂದರೆ ತುಲಾ ರಾಶಿ. ಆ ತಿಂಗಳು ತುಲಾ ಲಗ್ನ ಬೀಳುವುದು ಹೊತ್ತು ಇಳಿದಾಗಿನಿಂದ ದೀಪ ಹಚ್ಚಿ ಸ್ವಲ್ಪ ಹೊತ್ತಾಗುವವರೆಗೆ. ಸಿದ್ದಲಿಂಗವ್ವ ಬಶಿ ಹಿಡಿದು ಹೊರಗೆ ಬರುವ ಹೊತ್ತೂ ಅದೇ. ಅಯ್ಯನವರ ತಿಳಿವಳಿಕೆಯಲ್ಲಿ ಪಂಪು ಓಡಿತೆಂದರೆ ಬಲ್ಬು ಕೆಂಪಾಯಿತು ಎಂದೇ ಅರ್ಥ. ಒಂದು ಪಂಪೋ ಹತ್ತೋ ಎಂಬ ಭೇದ ಅವರಿಗೆ ಗೊತ್ತಿರಲಿಲ್ಲ.

ಬಾಗಿಲ ಹಿಂದೆ ಶಂಕ್ರೆವ್ವನವರು ಕೆಮ್ಮಿದರು. ಬಳೆ ಸದ್ದು ಮಾಡಿದರು. ಅದೂ ಸಾಲದೆ ‘ವೃಶ್ಚಿಕ, ವೃಶ್ಚಿಕ’ ಎಂದು ಗಂಡನಿಗೆ ಮಾತ್ರ ಕೇಳುವಂತೆ ಪಿಸುಗುಟ್ಟಿದರು. ಅದು ಅಂಗಳಕ್ಕೆಲ್ಲ ಕೇಳಿಸಿತು. ವೃಶ್ಚಿಕವೆಂದರೆ ಊಟದ ಹೊತ್ತು, ಅಷ್ಟೊತ್ತಿಗೆ ಬೀಗರು ಹುಡುಗಿಯನ್ನು ನೋಡಿ ಆಗಿರುತ್ತದೆ. ತಿಪ್ಪವ್ವನಿಗೆ ರಾಶಿಯೂ ತಿಳಿಯದು, ಲಗ್ನವೂ ತಿಳಿಯದು. ರಾಶಿಯ ಮಾತಿನಲ್ಲಿ ಅಯ್ಯನವರು ಏನೆಂದರೂ ಹೂಂ ಎಂದು ಹೋಗುವವಳು.

“ಯಾಕ್ರಿ ಅಯ್ಯಾರ, ನನ್ನ ಹೆಸರಿಗೆ ಹೊತ್ತಽ ಇಲ್ಲೇನು?” ಎಂದಳು ಅವಳು. “ನಾಕು ದಿನ ನೀರಿಲ್ಲಂದ್ರ ಈ ಬಿಸಲಾಗ ಹೀಚು ಉದುರ್ತಾವ್ರಿ. ಅದಽ ನನ್ನ ವರ್ಷದ ಅನ್ನ.”

ಅಯ್ಯನವರ ಹಣೆಯ ವಿಭೂತಿಯ ಮೇಲೆ ಬೆವರು ಮೂಡಿತು. ಬೀಗರ ಕಡೆ ನೋಡಿದರು. ಬೀಗರು ಶಾಲಿನೊಳಗೆ ಕೈಯಿಟ್ಟುಕೊಂಡು ಮೇಲಿನ ಮಾಡು ನೋಡುತ್ತಿದ್ದರು. ಮಗಳು ಇದ್ದ ಕೋಣೆಯ ಕಡೆ ನೋಡಿದರು. ಆಮೇಲೆ ಪಂಚಾಂಗ ಮುಚ್ಚಿ, ಊರಿಗೆಲ್ಲ ಕೇಳುವಂತೆ ಹೇಳಿದರು:

“ತುಲಾ ರಾಶಿ. ಹೊತ್ತು ಇಳಿದ ಮ್ಯಾಲ ನಿಂದು, ದೀಪ ಹಚ್ಚಿದ ಮ್ಯಾಲೂ ನಿಂದಽ. ಇವತ್ತಽ ಚಾಲೂ ಮಾಡು, ಹೋಗು ತಂಗೀ.”

ಒಳಗೆ ಒಂದು ಹಿತ್ತಾಳೆಯ ಬೋಗುಣಿ ನೆಲಕ್ಕೆ ಬಿತ್ತು. ತಾನಾಗಿ ಬಿದ್ದದ್ದಲ್ಲ ಎಂಬುದು ಸದ್ದಿನಿಂದಲೇ ತಿಳಿಯುತ್ತಿತ್ತು.

ಸಿದ್ದರಾಯ ಫ್ಯೂಸು ಕಟ್ಟಿದ. ದೂರದ ನಿಂಬೆ ತೋಟದಿಂದ ತಿಪ್ಪವ್ವನ ಪಂಪು ಗುಡುಗುಡು ಎಂದು ಶುರುವಾಯಿತು. ಕತ್ತಲೆ ಇಳಿಯಿತು. ಪಡಸಾಲೆಯಲ್ಲಿ ಬೀಗರು, ಬೀಗಿತ್ತಿ, ವರ, ಸಾಹೇಬ, ಮಡಿವಾಳಪ್ಪ ಎಲ್ಲರೂ ಸಾಲಾಗಿ ಕೂತಿದ್ದರು. ಶಂಕ್ರೆವ್ವನವರು ಕಂದೀಲು ಸಿದ್ಧವಾಗಿಟ್ಟುಕೊಂಡೇ ಒಳಗೆ ಕೂತಿದ್ದರು. ಅಯ್ಯನವರು ಗೋಡೆಯ ಬಟನ್ನಿನ ಹತ್ತಿರ ಹೋಗಿ, ಕಣ್ಣು ಮುಚ್ಚಿ, ‘ಬಸವಾ’ ಎಂದು ಒತ್ತಿದರು.

ಕಣ್ಣು ತೆರೆಯಲು ಅವರಿಗೆ ಧೈರ್ಯ ಬರಲಿಲ್ಲ. “ಯವ್ವಾ!” ಎಂದು ಹೆಂಡತಿ ಕೂಗಿದ ಮೇಲೆಯೇ ತೆರೆದರು. ಬಲ್ಬು ಹಾಲಿನಂತೆ ಹತ್ತಿತ್ತು. ಪಡಸಾಲೆಯ ಮೂಲೆಯ ಜೇಡರ ಬಲೆ, ಮಡಿವಾಳಪ್ಪನ ಕಿವಿಯ ಕೂದಲು, ಎಲ್ಲವೂ ಬೇಕಾದ್ದಕ್ಕಿಂತ ಹೆಚ್ಚು ಸ್ಪಷ್ಟವಾಗಿ ಕಾಣುತ್ತಿದ್ದವು. ದೂರದಲ್ಲಿ ತಿಪ್ಪವ್ವನ ಪಂಪು ಓಡುತ್ತಲೇ ಇತ್ತು.

“ಅದು ಏನಂದ್ರೆ, ಈಗ ಲೈನಿನ ಮೇಲೆ ಇರೋದು ಒಂದೇ ಮೋಟರು, ಅದಕ್ಕೇ ವೋಲ್ಟೇಜು...” ಎಂದು ಸಾಹೇಬ ವಿವರಿಸಲು ಹೊರಟ. ಯಾರೂ ಅವನ ಕಡೆ ತಿರುಗಲಿಲ್ಲ. “ರಾಶಿ ಕೂಡಿ ಬಂತು ನೋಡ್ರಿ!” ಎಂದ ಮಡಿವಾಳಪ್ಪ. ಸಾಹೇಬ ವೋಲ್ಟೇಜನ್ನು ಅಲ್ಲಿಗೇ ಬಿಟ್ಟು ಉಪ್ಪಿಟ್ಟಿಗೆ ಕೈ ಹಾಕಿದ.

ಸಿದ್ದಲಿಂಗವ್ವ ಬಂದು ಬಶಿಯನ್ನು ಯಾರಿಗೆ ಕೊಡಬೇಕೋ ಅವನಿಗೇ ಕೊಟ್ಟಳು. ಬೀಗಿತ್ತಿಗೆ ಅಷ್ಟು ಸಾಕಾಗಲಿಲ್ಲ. ಸೆರಗಿನ ಗಂಟಿನಿಂದ ಒಂದು ಸೂಜಿ, ಒಂದೆಳೆ ದಾರ ತೆಗೆದರು. “ಇದನ್ನ ಒಂದೀಟು ಪೋಣಿಸಿ ಕೊಡವ್ವಾ. ನನಗ ಕಾಣಂಗಿಲ್ಲ.”

ಹುಡುಗಿಗೆ ಎಲ್ಲ ಅರ್ಥವಾಯಿತು. ಕೆನ್ನೆ ಕೆಂಪಾಯಿತು, ಮೂಗಿನ ತುದಿಗೆ ಸಿಟ್ಟು ಬಂತು. ಒಂದೇ ಸಲಕ್ಕೆ ದಾರ ಪೋಣಿಸಿದಳು. ಆದರೆ ಸೂಜಿಯನ್ನು ತಿರುಗಿ ಕೊಡಲಿಲ್ಲ. ವರನ ಕಡೆ ನೋಡಿ ಹೇಳಿದಳು: “ಮಾಸ್ತರ, ನಿಮ್ಮ ಅಂಗಿ ಗುಂಡಿ ಒಂದು ಜೋತಾಡಾಕತ್ತೈತಿ. ಒಂದಕ್ಕ ಬಿಳೇ ದಾರ ಹಚ್ಯಾರ, ಉಳದಾವಕ್ಕ ಕರೇದು. ಅಂಗಿ ಕೊಡ್ರಿ, ಎಲ್ಲಾ ಒಂದಽ ನಮೂನಿ ಹಚ್ಚಿಕೊಡ್ತೇನಿ.”

ಮಾಸ್ತರ ಎದೆಯ ಮೇಲೆ ಕೈಯಿಟ್ಟು ಗುಂಡಿ ಮುಚ್ಚಿಕೊಂಡ. ಆ ಬಿಳೇ ದಾರ ಹಚ್ಚಿದವರು ಬೀಗಿತ್ತಿಯೇ. ಬೀಗಿತ್ತಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡರು. “ಇರುಳಗಣ್ಣಂತ! ಆ ಬಾಗೇವಾಡಿಯವರ ಕಣ್ಣಿಗೆ ಏನಾಗಿತ್ತೋ! ನಮಗ ಈ ಹುಡುಗಿ ಬೇಕು.”

ಗುರಲಿಂಗಯ್ಯನವರು ಗಂಟಲು ಸರಿಪಡಿಸಿಕೊಂಡರು. “ಆಕೀದು ಈಗ ಮುಗೀತು. ನಂದು ಸಂಜೀ ಮುಂದಽ ಮುಗದಿತ್ತು.” ಶಾಲಿನ ಒಳಗಿಂದ ಕೈ ಹೊರಗೆ ತೆಗೆದರು. “ಆ ತೋಟದವ್ವನ ಹೆಸರು ಬಂದಾಗ ನಾನೂ ಇದರೊಳಗ ಎಣಸಾಕತ್ತಿದ್ದೆ. ತುಲಾ ಅಂತ ನನಗೂ ಬಂತು. ನೀವು ಮನಿ ಬಲ್ಬಿನ ಆಶಾಕ್ಕ ಬ್ಯಾರೆ ಹೊತ್ತು ಹೇಳಿದ್ರ, ಹುಡುಗೀನ ನೋಡದಽ ತಿರಗಿ ಬಸ್ಸು ಹತ್ತಾಂವಿದ್ದೆ.”

ಚನ್ನಬಸಯ್ಯನವರು ಹೆಗಲ ಮೇಲಿನ ವಸ್ತ್ರದಿಂದ ಮೂಗು ಒರೆಸಿಕೊಂಡರು. ಒಳಗಿಂದ ಶಂಕ್ರೆವ್ವನವರು ಬಂದು ಗಂಡನ ಬಶಿಗೆ ಕೇಳದೆಯೇ ಇನ್ನೊಂದು ಸವಟು ಶಿರಾ ಹಾಕಿದರು. ತುಪ್ಪವನ್ನೂ ಬಿಟ್ಟರು.

ಕೂತಲ್ಲೇ ಲಗ್ನದ ಹೊತ್ತು ನೋಡಿದರು. ಇಬ್ಬರು ಅಯ್ಯನವರ ಬೆರಳೂ ಈ ಸಲ ಜಗಳವಿಲ್ಲದೆ ಒಂದೇ ಕಡೆ ಬಂದು ನಿಂತವು: ಇದೇ ತಿಂಗಳು, ದನ ಮನೆಗೆ ಬರುವ ಗೋಧೂಳಿ ಹೊತ್ತು. ಅಷ್ಟರಲ್ಲಿ ಪಂಪು ಬಂದ್ ಮಾಡಿ, ಮೊಣಕಾಲತನಕ ಕೆಸರು ಮಾಡಿಕೊಂಡು ತಿಪ್ಪವ್ವ ಬಾಗಿಲಿಗೆ ಬಂದಳು.

“ಗೋಧೂಳಿ ಅಂದ್ರ ನನ್ನ ಪಾಳಿ ಅಲ್ರೀ?”

ಅಯ್ಯನವರ ಕೈ ಶಿರಾದ ಮೇಲೆ ನಿಂತಿತು. “ಹೌದವಾ. ನಿಂದಽ. ಕೊಟ್ಟ ಹೊತ್ತು ನಾ ತಿರಗಿ ಕೇಳಾಂವಲ್ಲ.”

“ನೀವ್ಯಾಕ ಕೇಳ್ತೀರಿ, ನಾನಽ ಕೊಡಾಕತ್ತೇನಿ” ಎಂದಳು ತಿಪ್ಪವ್ವ. “ಲಗ್ನದ ಸಂಜೀ ನಾ ಪಂಪು ಮುಟ್ಟಾಂಗಿಲ್ಲ. ಆ ಹೊತ್ತಿನ ಕರೆಂಟೆಲ್ಲಾ ನಮ್ಮ ಸಿದ್ದವ್ವಂದು. ಆಕೀ ಲಗ್ನಕ್ಕ ನನ್ನ ಆಹೇರ ಇದಽ ಅಂತ ತಿಳೀರಿ.”

ಕೆಸರುಗಾಲಿನ ಆ ಹೆಂಗಸು ಕೊಟ್ಟ ಉಡುಗೊರೆ ಕೇಳಿ ಸಿದ್ದಲಿಂಗವ್ವ ಓಡಿ ಹೋಗಿ ಅವಳ ಕಾಲಿಗೆ ಬಿದ್ದಳು. ಮಡಿವಾಳಪ್ಪನಿಗೆ ಇದು ತಡೆಯಲಿಲ್ಲ. ಒಬ್ಬ ಹೆಣ್ಣುಮಗಳು ಕೊಟ್ಟ ಮೇಲೆ ಸಿಂಹ ರಾಶಿಯವನು ಸುಮ್ಮನಿರುವುದುಂಟೇ? “ನನ್ನ ಪಾಳೀನೂ ಹುಡುಗಿಗೇ!” ಎಂದು ಎದ್ದ. ಬಾಗಿಲಲ್ಲಿ ನಿಂತಿದ್ದ ದಾವಲಮಲಿಕ, “ಪೀರಬಿದೂ ಬರಕೋರಿ” ಎಂದ. ಹೊರಗಿನಿಂದ ಮಿಥುನದವನು ಕೂಗಿದ, ಮಕರದವನು ಕೂಗಿದ. ನೋಡುನೋಡುತ್ತಿದ್ದಂತೆ ಊರಿನ ಹನ್ನೆರಡೂ ರಾಶಿಯ ಕರೆಂಟು ಸಿದ್ದಲಿಂಗವ್ವನ ಉಡಿಗೆ ಬಿತ್ತು.

ಎಲ್ಲರೂ ಹಿಗ್ಗಿದರು. ಸಾಹೇಬನೊಬ್ಬನೇ ಉಪ್ಪಿಟ್ಟು ಗಂಟಲಲ್ಲಿ ಸಿಕ್ಕಿ ಎದ್ದು ನಿಂತ.

“ಅಲ್ರೀ, ಅವತ್ತು ದಿನವಿಡೀ ಯಾರೂ ಹಾಕಲ್ಲ, ಸಂತೋಷ. ಅಕ್ಷತೆ ಬಿದ್ದ ಮೇಲೆ?”

“ಮ್ಯಾಲೇನ್ರಿ” ಎಂದ ಮಡಿವಾಳಪ್ಪ, “ಹೊಲ ಒಣಗಿರ್ತಾವು. ಅಕ್ಕಿಕಾಳು ಬಿದ್ದ ಗಳಿಗ್ಯಾಗಽ ಓಡಿಹೋಗಿ ಎಲ್ಲಾರೂ ಪಂಪು ಹಾಕೋದು.”

ಸಾಹೇಬ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಆಮೇಲೆ ಚನ್ನಬಸಯ್ಯನವರ ಪಕ್ಕಕ್ಕೆ ಬಂದು ಕೂತು ಹೇಳಿದ:

“ಅಯ್ಯನೋರೇ, ಲಗ್ನಕ್ಕೆ ನಾನೂ ಬರ್ತೀನಿ. ನನ್ನ ಕಡೆಯಿಂದ ಆಹೇರ, ಒಂದು ಸುರುಳಿ ಫ್ಯೂಸ್ ತಂತಿ.”